ಬೆಳ್ತಂಗಡಿಯಿಂದ ಬೆಳ್ಳಿತೆರೆಗೆ: ಎಂ. ಲೀಲಾವತಿ ಅವರ ಕಲಾಜೀವನ ಮತ್ತು ಮರುಪ್ರವೇಶ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಪರಿಸರವು ಜಾನಪದ ಅಧ್ಯಯನಕ್ಕೆ ಫಲವತ್ತಾದ ನೆಲವೆಂಬುದು ಸರ್ವವಿದಿತ. ಪಾಡ್ದನ, ಭೂತಾರಾಧನೆ, ಯಕ್ಷಗಾನ, ಕಂಬಳ ಇತ್ಯಾದಿ ಪ್ರಕಾರಗಳನ್ನು ಕುರಿತು ಇಲ್ಲಿ ವಿಪುಲವಾದ ಸಂಗ್ರಹ ಮತ್ತು ಸಂಶೋಧನೆಗಳು ನಡೆದಿವೆ. ಈ ನೆಲದ ಸ್ಮೃತಿಯಲ್ಲಿ ಹೆಣ್ಣಿಗೆ ಸ್ಥಾನವಿಲ್ಲವೆಂದು ಯಾರೂ ಹೇಳಲಾರರು. ಮೂಡುಬಿದಿರೆಯ ಚೌಟರ ಅರಮನೆಯ ಮಾತು ಬಂದಾಗಲೆಲ್ಲ ಪೋರ್ಚುಗೀಸರನ್ನು ಎದುರಿಸಿದ ಆ ವಂಶದ ರಾಣಿ ಅಬ್ಬಕ್ಕನ ಹೆಸರು ಬರುತ್ತದೆ. ಬಂಟ್ವಾಳದ ತುಳು ಅಧ್ಯಯನ ಕೇಂದ್ರವೊಂದು ಆಕೆಯ ಹೆಸರನ್ನೇ ಹೊತ್ತಿದೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವು ಲೋಕಪ್ರಸಿದ್ಧವಾಗಿದೆ. ಆದರೆ ರಾಣಿಯೂ ಅಲ್ಲದ, ದೈವವೂ ಆಗದ, ಕಲೆಯನ್ನೇ ಕೂಲಿಯಾಗಿ ನಂಬಿ ದುಡಿದು ಬದುಕಿದ ಹೆಣ್ಣನ್ನು ನೆನೆಯುವ ಕ್ರಮ ನಮ್ಮ ಅಧ್ಯಯನಗಳಲ್ಲಿ ಇದೆಯೇ? ಬೆಳ್ತಂಗಡಿಯಲ್ಲಿ ಹುಟ್ಟಿ ಕನ್ನಡ ಚಿತ್ರರಂಗದಲ್ಲಿ ಅರ್ಧ ಶತಮಾನ ಬಾಳಿದ ನಟಿ ಎಂ. ಲೀಲಾವತಿ ಅವರ ಕಲಾಜೀವನವನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ದನಿಗೆ ಎಡೆ, ವೇಷಕ್ಕೆ ತಡೆ

ಲೀಲಾವತಿಯವರು ಜನಿಸಿದ್ದು 1930ರ ದಶಕದ ಕೊನೆಯ ಭಾಗದಲ್ಲಿ. ಅಂದಿನ ತುಳುನಾಡಿನಲ್ಲಿ ಪ್ರದರ್ಶನ ಕಲೆಗಳಿಗೆ ಬರವಿರಲಿಲ್ಲ. ಆದರೆ ಆ ಕಲೆಗಳಲ್ಲಿ ಹೆಣ್ಣಿಗೆ ದೊರೆತ ಅವಕಾಶದ ಸ್ವರೂಪವನ್ನು ಸೂಕ್ಷ್ಮವಾಗಿ ಗಮನಿಸಬೇಕು. ನೇಜಿ ನೆಡುವ ಗದ್ದೆಯಲ್ಲಿ ಪಾಡ್ದನ ಹಾಡುವವರು ಹೆಂಗಸರು. ಕೋಲದ ಅಂಗಳದಲ್ಲಿ ತೆಂಬರೆ ನುಡಿಸುತ್ತ ದೈವದ ಸಂಧಿಯನ್ನು ಹೇಳುವವರೂ ನಲಿಕೆ, ಪಂಬದ, ಪರವ ಸಮುದಾಯಗಳ ಹೆಂಗಸರು. ಆದರೆ ಅಣಿ ಕಟ್ಟಿ, ಗಗ್ಗರ ತೊಟ್ಟು ಅಂಗಳಕ್ಕೆ ಇಳಿಯುವವನು ಗಂಡಸು. ಯಕ್ಷಗಾನದಲ್ಲಂತೂ ದ್ರೌಪದಿ, ದಮಯಂತಿ, ದಾಕ್ಷಾಯಿಣಿಯರೆಲ್ಲರೂ ಗಂಡುಮೈಯ ಮೇಲೆಯೇ ರೂಪುಗೊಂಡರು. ಕೋಳ್ಯೂರು ರಾಮಚಂದ್ರ ರಾವ್, ಪಾತಾಳ ವೆಂಕಟರಮಣ ಭಟ್ಟರಂತಹ ಹಿರಿಯ ಕಲಾವಿದರು ಸ್ತ್ರೀವೇಷದಿಂದಲೇ ಪ್ರಸಿದ್ಧರಾದರು. ಅವರ ಕಲೆಯ ಹಿರಿಮೆಯನ್ನು ಇಲ್ಲಿ ಕಿರಿದುಗೊಳಿಸುವ ಉದ್ದೇಶವಿಲ್ಲ. ಹೆಣ್ಣಿನ ದನಿಗೆ ಎಡೆಕೊಟ್ಟ ನೆಲವು ಆಕೆಯ ವೇಷಕ್ಕೆ ಎಡೆಕೊಡಲಿಲ್ಲವೆಂಬ ಅಂಶವನ್ನು ದಾಖಲಿಸುವುದಷ್ಟೇ ಇಲ್ಲಿನ ಆಶಯ.

ಆದುದರಿಂದ ನಟನೆಯ ಹಂಬಲವಿದ್ದ ಬೆಳ್ತಂಗಡಿಯ ಬಾಲಕಿಗೆ ಘಟ್ಟ ಹತ್ತುವುದಲ್ಲದೆ ಅನ್ಯಮಾರ್ಗವಿರಲಿಲ್ಲ. ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ, ಶಾಲೆಯ ಓದು ಹೆಚ್ಚು ದಕ್ಕದ ಆಕೆ ಮೈಸೂರಿನಲ್ಲಿ ಮನೆಗೆಲಸ ಮಾಡಿ ಬದುಕಬೇಕಾಯಿತು. ಹಳೆಯ ಮೈಸೂರಿನ ವೃತ್ತಿನಾಟಕ ಮಂಡಳಿಗಳಲ್ಲಿ ಆ ವೇಳೆಗೆ ಹೆಂಗಸರು ಪಾತ್ರ ವಹಿಸುವುದು ರೂಢಿಯಾಗಿತ್ತು. ಗುಬ್ಬಿ ಕಂಪನಿಯ ಬಿ. ಜಯಮ್ಮನವರು ಇದಕ್ಕೆ ಪ್ರಸಿದ್ಧ ನಿದರ್ಶನ. ಮಹಾಲಿಂಗ ಭಾಗವತರ ನಾಟಕ ಮಂಡಳಿಯನ್ನು ಸೇರಿದ ಲೀಲಾವತಿಯವರಿಗೆ ಅಭಿನಯದ ಪಾಠ ದೊರೆತದ್ದು ಆ ರಂಗದಲ್ಲಿ.

೨. ಸಖಿಯಿಂದ ನಾಯಕಿಗೆ

1949ರ 'ನಾಗಕನ್ನಿಕೆ'ಯಲ್ಲಿ ಸಖಿಯ ಪುಟ್ಟ ಪಾತ್ರದಿಂದ ಅವರ ಚಿತ್ರಜೀವನ ಆರಂಭವಾಯಿತು. 1958ರ 'ಭಕ್ತ ಪ್ರಹ್ಲಾದ', 'ಮಾಂಗಲ್ಯ ಯೋಗ' ಚಿತ್ರಗಳ ಬಳಿಕ 1960ರ 'ರಾಣಿ ಹೊನ್ನಮ್ಮ' ಮತ್ತು 'ರಣಧೀರ ಕಂಠೀರವ' ಚಿತ್ರಗಳಿಂದ ಅವರ ಹೆಸರು ಮನೆಮಾತಾಯಿತು. ಸಖಿಯ ಪಾತ್ರದಿಂದ ನಾಯಕಿಯ ಪಾತ್ರಕ್ಕೆ ಬರಲು ಒಂಬತ್ತು ವರ್ಷ ಹಿಡಿಯಿತೆಂಬುದು ಗಮನಾರ್ಹ. 'ಕಣ್ತೆರೆದು ನೋಡು', 'ಕೈವಾರ ಮಹಾತ್ಮೆ', 'ಭೂದಾನ', 'ಸಂತ ತುಕಾರಾಂ', 'ವೀರಕೇಸರಿ', 'ಮನ ಮೆಚ್ಚಿದ ಮಡದಿ' ಮೊದಲಾದವು 1961ರಿಂದ 1963ರವರೆಗಿನ ಮೂರು ವರ್ಷಗಳಲ್ಲಿ ತೆರೆಕಂಡವು. ರಾಜಕುಮಾರ್ ಅವರೊಂದಿಗೆ ನಾಯಕಿಯಾಗಿ ಅವರು ಅಭಿನಯಿಸಿದ ಈ ಅವಧಿಯನ್ನೇ ಚಿತ್ರ ಇತಿಹಾಸಕಾರರು ಸಾಮಾನ್ಯವಾಗಿ ಅವರ ಉಚ್ಛ್ರಾಯ ಕಾಲವೆಂದು ಪರಿಗಣಿಸುತ್ತಾರೆ.

ಈ ಅಭಿಪ್ರಾಯವನ್ನು ಮರುಪರಿಶೀಲಿಸಬೇಕಾಗಿದೆ. 1960ರ ದಶಕದ ಉತ್ತರಾರ್ಧದಲ್ಲಿ ಜಯಂತಿ, ಭಾರತಿ, ಕಲ್ಪನಾ ಮೊದಲಾದ ಹೊಸ ನಾಯಕಿಯರು ನೆಲೆಯೂರಿದರು. ನಾಯಕಿಯಾಗಿ ಲೀಲಾವತಿಯವರ ಅವಕಾಶಗಳು ಕುಗ್ಗಿದವು. ಆಗ ಅವರಿಗೆ ಮೂವತ್ತರ ಆಸುಪಾಸು.

೩. 'ಗೆಜ್ಜೆಪೂಜೆ' ಎಂಬ ತಿರುವು

1969ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ 'ಗೆಜ್ಜೆಪೂಜೆ'ಯನ್ನು ನಿರ್ದೇಶಿಸಿದರು. ಈ ಚಿತ್ರದಲ್ಲಿ ಕರಾವಳಿಯ ಮೂವರು ನಟಿಯರು ಒಂದುಗೂಡಿದ್ದು ವಿಶೇಷ: ಭಟ್ಕಳದ ಪಂಢರಿಬಾಯಿ, ಬೆಳ್ತಂಗಡಿಯ ಲೀಲಾವತಿ, ದಕ್ಷಿಣ ಕನ್ನಡದವರೇ ಆದ ಕಲ್ಪನಾ. ಕಲ್ಪನಾ ಕಥಾನಾಯಕಿ ಚಂದ್ರಾ. ಲೀಲಾವತಿ ಆಕೆಯ ತಾಯಿ ಅಪರ್ಣಾ. ತೆರೆಯ ಮೇಲಿನ ಈ ತಾಯಿ-ಮಗಳ ನಡುವೆ ನಿಜಜೀವನದಲ್ಲಿ ಹತ್ತು ವರ್ಷಗಳ ಅಂತರವೂ ಇರಲಿಲ್ಲ. ವೇಶ್ಯಾವೃತ್ತಿಯ ಮನೆಯೊಳಗೆ ಸಿಲುಕಿ, ಮಗಳಾದರೂ ಅದರಿಂದ ಪಾರಾಗಲೆಂದು ತಹತಹಿಸುವ ತಾಯಿಯ ಪಾತ್ರವದು. ಈ ಪಾತ್ರಕ್ಕಾಗಿ ಅವರಿಗೆ 1969–70ನೇ ಸಾಲಿನ ಅತ್ಯುತ್ತಮ ಪೋಷಕ ನಟಿ ರಾಜ್ಯ ಪ್ರಶಸ್ತಿ ಲಭಿಸಿತು. 1971–72ರಲ್ಲಿ 'ಸಿಪಾಯಿ ರಾಮು' ಚಿತ್ರಕ್ಕಾಗಿ ಅದೇ ಪ್ರಶಸ್ತಿ ಮತ್ತೊಮ್ಮೆ ಬಂದಿತು. 1972ರ 'ನಾಗರಹಾವು' ಚಿತ್ರದಲ್ಲಿ ಚಾಮಯ್ಯ ಮೇಷ್ಟರ ಮಡದಿ ತುಂಗಮ್ಮನಾಗಿ, 1974ರ 'ಭಕ್ತ ಕುಂಬಾರ'ದಲ್ಲಿ ಗೋರನ ಪತ್ನಿಯಾಗಿ ಅವರು ಪ್ರೇಕ್ಷಕರ ಮನದಲ್ಲಿ ಉಳಿದರು.

ಚಿತ್ರಪತ್ರಿಕೆಗಳ ಪರಿಭಾಷೆಯಲ್ಲಿ ಮರುಪ್ರವೇಶವೆಂದರೆ ನಾಯಕಿಯಾಗಿದ್ದವಳು ಮತ್ತೆ ನಾಯಕಿಯಾಗುವುದು. ಆ ಅರ್ಥದಲ್ಲಿ ಲೀಲಾವತಿಯವರದು ಮರುಪ್ರವೇಶವಲ್ಲ. ಆದರೆ ಯಕ್ಷಗಾನದ ರಂಗಸ್ಥಳವನ್ನು ಬಲ್ಲವರಿಗೆ ಬೇರೊಂದು ಅರ್ಥ ಹೊಳೆಯಬಹುದು. ಅಲ್ಲಿ ಒಬ್ಬನೇ ಕಲಾವಿದ ಒಂದೇ ರಾತ್ರಿಯಲ್ಲಿ ಎರಡು ಬೇರೆ ವೇಷಗಳಲ್ಲಿ ಪ್ರವೇಶಿಸಬಲ್ಲ. ಎರಡನೆಯ ಪ್ರವೇಶವು ಮೊದಲನೆಯದರ ಪುನರಾವರ್ತನೆಯಲ್ಲ. ಬೇರೆಯ ನಡೆ, ಬೇರೆಯ ಮಾತು, ಬೇರೆಯ ತೂಕವುಳ್ಳ ಹೊಸ ಪ್ರವೇಶ. 'ಗೆಜ್ಜೆಪೂಜೆ'ಯ ಅಪರ್ಣಾ ಅಂತಹ ಎರಡನೆಯ ಪ್ರವೇಶ. ಮೊದಲ ಹತ್ತು ವರ್ಷಗಳಲ್ಲಿ ದೊರೆಯದ ರಾಜ್ಯಮನ್ನಣೆ ದೊರೆತದ್ದು ಈ ಪ್ರವೇಶದಲ್ಲಿ ಎಂಬುದನ್ನು ಮರೆಯಲಾಗದು.

೪. ಏಣಿಯ ಎರಡು ದಿಕ್ಕು

ಹೀಗೆಂದ ಮಾತ್ರಕ್ಕೆ ಈ ರೂಪಾಂತರವನ್ನು ವೈಭವೀಕರಿಸುವುದು ತರವಲ್ಲ. ತೆಂಕುತಿಟ್ಟಿನ ಮೇಳದಲ್ಲಿ ಕಲಾವಿದನು ಕೋಡಂಗಿ, ಬಾಲಗೋಪಾಲರಿಂದ ತೊಡಗಿ ಪುಂಡುವೇಷದ ಮೂಲಕ ಪೀಠಿಕೆವೇಷ, ಇದಿರುವೇಷಗಳಿಗೆ ಏರುತ್ತಾನೆ. ವಯಸ್ಸು ಮಾಗಿದಂತೆ ವೇಷದ ತೂಕವೂ ಹೆಚ್ಚುತ್ತದೆ. ಚಿತ್ರರಂಗದಲ್ಲಿ ನಟಿಯ ಪಾಲಿಗೆ ಏಣಿ ಇರುವುದು ವಿರುದ್ಧ ದಿಕ್ಕಿನಲ್ಲಿ. 1963ರಲ್ಲಿ ಲೀಲಾವತಿಯವರಿಗೆ ನಾಯಕರಾಗಿದ್ದ ರಾಜಕುಮಾರ್ ಅವರು 2000ದಲ್ಲಿ ತೆರೆಕಂಡ 'ಶಬ್ದವೇಧಿ'ಯಲ್ಲಿಯೂ ನಾಯಕರೇ. ಅವರಿಗಿಂತ ಕಿರಿಯರಾದ ನಾಯಕಿಯು ಆ ವೇಳೆಗೆ ತಾಯಿಯ ಪಾತ್ರಕ್ಕೆ ಬಂದು ಮೂವತ್ತು ವರ್ಷಗಳಾಗಿದ್ದವು.

ಕಲ್ಪನಾ ಅವರ ಬದುಕು ಇದೇ ಪ್ರಶ್ನೆಯ ಮತ್ತೊಂದು ಮುಖ. 'ಗೆಜ್ಜೆಪೂಜೆ'ಯ ಮಗಳು ಮುಂದೆ ಕನ್ನಡದ ಅಗ್ರಮಾನ್ಯ ನಟಿಯಾದರು. ಚಿತ್ರಗಳಲ್ಲಿ ಅವಕಾಶ ಕಡಿಮೆಯಾದಾಗ ವೃತ್ತಿರಂಗಭೂಮಿಯತ್ತ ಹೊರಳಿದರು. 1979ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಇಬ್ಬರ ಬದುಕನ್ನು ತೂಗಿ ಒಬ್ಬರನ್ನು ಮೆಚ್ಚುವುದು ಇಲ್ಲಿನ ಉದ್ದೇಶವಲ್ಲ. ನಾಯಕಿಯ ಪಾತ್ರದ ಆಚೆಗೆ ನಟಿಗೆ ಗೌರವದ ನೆಲೆಯೊಂದು ಇಲ್ಲದಿದ್ದರೆ ಅದರ ಬೆಲೆಯನ್ನು ಯಾರು ತೆರಬೇಕಾಗುತ್ತದೆ ಎಂಬುದು ಚಿಂತಿಸಬೇಕಾದ ವಿಷಯ.

ಇಲ್ಲಿ ಸಿರಿಯ ನೆನಪು ಬರುವುದು ಸಹಜ. ಗೋಪಾಲ ನಾಯ್ಕರಿಂದ 1990ರ ಡಿಸೆಂಬರಿನಲ್ಲಿ ದಾಖಲಿಸಿಕೊಂಡು ಲೌರಿ ಹಾಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ ಮೊದಲಾದವರೊಂದಿಗೆ 1998ರಲ್ಲಿ ಪ್ರಕಟಿಸಿದ ಪಠ್ಯವು 15,683 ಸಾಲುಗಳಷ್ಟು ವಿಸ್ತಾರವಾಗಿದೆ. ಸತ್ಯನಾಪುರದ ಸಿರಿ ಗಂಡ ಕಾಂತು ಪೂಂಜನನ್ನು ತಾನಾಗಿ ಬಿಟ್ಟು ಹೊರಡುತ್ತಾಳೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕೊಡ್ಸರ ಆಳ್ವನ ಮನೆ, ಮಗಳು ಸೊನ್ನೆ, ಅವಳ ಅವಳಿಮಕ್ಕಳಾದ ಅಬ್ಬಗೆ-ದಾರಗೆಯರವರೆಗೆ ಸಾಗುತ್ತದೆ. ಸಿರಿಯ ಬಾಳನ್ನು ಲೀಲಾವತಿಯವರ ಖಾಸಗಿ ಬದುಕಿಗೆ ಹೋಲಿಸುವುದು ಸಲ್ಲದು. ಅದು ಅಧ್ಯಯನವೆನಿಸದೆ ಹರಟೆಯಾದೀತು. ಆದರೆ ಹೆಣ್ಣಿನ ಬದುಕಿಗೆ ಉತ್ತರಾರ್ಧವೂ ಇದೆ, ಅದೂ ಹಾಡಲು ಯೋಗ್ಯ ಎಂದು ನಂಬಿದ ಪರಂಪರೆ ಈ ತಾಲೂಕಿನದು. ಅದೇ ಪರಂಪರೆಯ ಅಧ್ಯಯನಕಾರರಾದ ನಾವು ಇಲ್ಲಿನ ನಟಿಯ ಉತ್ತರಾರ್ಧವನ್ನು ಏಕೆ ಕೇಳಿಸಿಕೊಳ್ಳಲಿಲ್ಲ?

೫. ಮಣ್ಣಿನ ಕಡೆಗೆ

1987ರಲ್ಲಿ ದ್ವಾರಕೀಶ್ ಅವರ 'ಡ್ಯಾನ್ಸ್ ರಾಜಾ ಡ್ಯಾನ್ಸ್' ಮೂಲಕ ಮಗ ವಿನೋದ್ ರಾಜ್ ಚಿತ್ರರಂಗ ಪ್ರವೇಶಿಸಿದರು. ಲೀಲಾವತಿಯವರು ಕ್ರಮೇಣ ನೆಲಮಂಗಲ ಸಮೀಪದ ಸೋಲದೇವನಹಳ್ಳಿಯಲ್ಲಿ ಜಮೀನು ಮಾಡಿ, ಮಗನೊಂದಿಗೆ ಕೃಷಿಯಲ್ಲಿ ತೊಡಗಿದರು. 1999–2000ನೇ ಸಾಲಿನ ಡಾ. ರಾಜಕುಮಾರ್ ಪ್ರಶಸ್ತಿ, 2008ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್ ಅವರಿಗೆ ಸಂದವು. ಊರಿನವರಿಗೆ ಚಿಕಿತ್ಸೆಗೆ ಅನುಕೂಲವಿಲ್ಲದುದನ್ನು ಕಂಡು ಸ್ವಂತ ಹಣದಿಂದ ಕಟ್ಟಿಸಿದ ಆಸ್ಪತ್ರೆ 2022ರಲ್ಲಿ ಉದ್ಘಾಟನೆಗೊಂಡಿತು. 2023ರ ನವೆಂಬರ್ ಕೊನೆಯಲ್ಲಿ ಪಶುವೈದ್ಯಕೀಯ ಆಸ್ಪತ್ರೆಯೂ ತೆರೆಯಿತು. ಅದಾಗಿ ಕೆಲವೇ ದಿನಗಳಲ್ಲಿ, ಡಿಸೆಂಬರ್ 8ರಂದು ಅವರು ನಿಧನರಾದರು. ಓದು ದಕ್ಕದ ಬಾಲಕಿ ಗೌರವ ಡಾಕ್ಟರೇಟ್ ಪಡೆದದ್ದಕ್ಕಿಂತ, ದುಡಿಮೆಯ ಹಣವನ್ನು ತಾನು ನೆಲೆನಿಂತ ಹಳ್ಳಿಗೆ ಹಿಂತಿರುಗಿಸಿದ್ದು ದೊಡ್ಡದೆಂದು ನನಗೆ ತೋರುತ್ತದೆ. ನಾಯಕಿ, ತಾಯಿ, ಕೃಷಿಕಳು - ಈ ಮೂರು ಪ್ರವೇಶಗಳಲ್ಲಿ ಕೊನೆಯದು ಯಾವ ನಿರ್ದೇಶಕನೂ ಕೊಟ್ಟದ್ದಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಲೀಲಾವತಿಯವರ ಕಲಾಜೀವನದ ಸಾರ್ಥಕತೆ ಇರುವುದು ನಾಯಕಿಯ ಪಟ್ಟದಲ್ಲಷ್ಟೇ ಅಲ್ಲ, ಪಟ್ಟ ಹೋದ ಮೇಲೂ ಕೆಲಸ ಬಿಡದ ಛಲದಲ್ಲಿ. ಎರಡು, ಪ್ರಾದೇಶಿಕ ಸಂಸ್ಕೃತಿಯ ಅಧ್ಯಯನವು ಊರಿನಲ್ಲಿ ಉಳಿದವರನ್ನು ಮಾತ್ರ ದಾಖಲಿಸಿದರೆ ಊರಿನಲ್ಲಿ ಎಡೆ ಸಿಗದೆ ಹೊರಟವರು ಚರಿತ್ರೆಯಿಂದಲೂ ಹೊರಗುಳಿಯುತ್ತಾರೆ. ಈ ಮಾತಿಗೆ ನಾನೂ ಹೊರತಲ್ಲ. ಈ ಮೂರು ಊರುಗಳಲ್ಲಿ ವರ್ಷಗಟ್ಟಲೆ ಕ್ಷೇತ್ರಕಾರ್ಯ ಮಾಡಿದಾಗ ನನ್ನ ಪ್ರಶ್ನಾವಳಿಯಲ್ಲಿ ಕುಲ, ಮನೆತನ, ದೈವ, ಮೇಳಗಳ ಪ್ರಶ್ನೆಗಳಿದ್ದವು. ಊರು ಬಿಟ್ಟು ಹೋದ ಹೆಣ್ಣುಮಕ್ಕಳ ಕುರಿತು ಒಂದು ಪ್ರಶ್ನೆಯೂ ಇರಲಿಲ್ಲ. ಲೀಲಾವತಿಯವರು ಬದುಕಿದ್ದಾಗಲೇ ಸೋಲದೇವನಹಳ್ಳಿಗೆ ಹೋಗಿ, ಬೆಳ್ತಂಗಡಿಯ ಬಾಲ್ಯದಲ್ಲಿ ಯಾವ ಹಾಡು ಕೇಳಿದ್ದಿರಿ, ಯಾವ ಆಟ ನೋಡಿದ್ದಿರಿ ಎಂದು ವಿಚಾರಿಸಬಹುದಿತ್ತು. ಆ ಅವಕಾಶ ಕಳೆದುಹೋಯಿತು. ಆದರೆ ನಾಟಕ ಕಂಪನಿಗಳಿಗೆ, ಚಿತ್ರರಂಗಕ್ಕೆ ಈ ನೆಲದಿಂದ ಹೋದ ಹಿರಿಯ ಕಲಾವಿದೆಯರು ಇಂದಿಗೂ ಇದ್ದಾರೆ. ಅವರ ಮಾತನ್ನು ಅವರ ಜೀವಿತಕಾಲದಲ್ಲಿಯೇ ದಾಖಲಿಸುವ ಹೊಣೆಯನ್ನು ಸಂಶೋಧಕರು ಇನ್ನಾದರೂ ವಹಿಸಿಕೊಳ್ಳಬೇಕಾಗಿದೆ.