ಮಣ್ಣಿನ ಮದ್ದು ಮತ್ತು ಒಂದು ಪ್ರೋಟೀನು

ಖಾನಾಪುರದ ಸೀಮೆಯಲ್ಲಿ ಮೊದಲ ಮಳೆಗೆ ನೆಲದಿಂದೇಳುವ ಕಂಪನ್ನು ಬೆಳಗಾವಿಯ ಕಡೆಯವರು ಅರಿಯದವರಲ್ಲ. ಆ ಕಂಪಿಗೆ ಬಹುಮಟ್ಟಿಗೆ ಕಾರಣ ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೋಮೈಸೀಸ್ ಎಂಬ ಸೂಕ್ಷ್ಮಜೀವಿಗಳ ಕುಲ. ಇದೇ ಕುಲದ ಒಂದು ಜೀವಿಯಿಂದ 1943ರಲ್ಲಿ, ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ಸೆಲ್ಮನ್ ವಾಕ್ಸ್‌ಮನ್ನರ ಶಿಷ್ಯ ಆಲ್ಬರ್ಟ್ ಶಾಟ್ಸ್ ಅವರು ಸ್ಟ್ರೆಪ್ಟೋಮೈಸಿನ್ ಎಂಬ ಮದ್ದನ್ನು ಪಡೆದರು. ಶುದ್ಧವಾದ ಗಾಳಿ, ಪುಷ್ಟಿಕರ ಆಹಾರ, ವಿಶ್ರಾಂತಿ ಇವಿಷ್ಟನ್ನೇ ನೆಚ್ಚಿಕೊಂಡಿದ್ದ ಕ್ಷಯರೋಗಿಗಳಿಗೆ ಅದು ಸಂಜೀವಿನಿಯಂತೆ ಕಂಡಿತು.

ಆದರೆ ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರು ತಿಂಗಳು ತುಂಬುವಷ್ಟರಲ್ಲಿ ತೀರಿಕೊಂಡವರು ಮದ್ದು ಪಡೆದ 55 ರೋಗಿಗಳಲ್ಲಿ 4 ಮಂದಿ. ಬರಿಯ ವಿಶ್ರಾಂತಿ ಪಡೆದ 52 ರೋಗಿಗಳಲ್ಲಿ 14 ಮಂದಿ. ಐದು ವರ್ಷಗಳ ತರುವಾಯ ಈ ಸಂಖ್ಯೆಗಳು 32 ಮತ್ತು 35 ಆಗಿದ್ದವು. ರೋಗಾಣುಗಳು ಮದ್ದಿಗೆ ಮಣಿಯದಾಗಿದ್ದವು.

ಇದರ ಗುಟ್ಟು ಇದ್ದುದು ರೈಬೋಸೋಮಿನಲ್ಲಿ. ಜೀವಕೋಶದಲ್ಲಿ ಪ್ರೋಟೀನುಗಳನ್ನು ಹೆಣೆಯುವ ಕಾರ್ಖಾನೆಯೇ ಇದು. ಇದರ ಚಿಕ್ಕ ಭಾಗದಲ್ಲಿರುವ ಸುಮಾರು 20 ಪ್ರೋಟೀನುಗಳಲ್ಲಿ ಒಂದಕ್ಕೆ ಎಸ್-12 ಎಂದು ಹೆಸರು. ಆನುವಂಶಿಕ ಸಂದೇಶವನ್ನು ಓದುವ ಸ್ಥಳದ ಮಗ್ಗುಲಲ್ಲಿ ನೆಲೆಸಿ, ಬಂದ ಅಮೈನೋ ಆಮ್ಲ ಸರಿಯಾದುದೇ ಎಂಬ ತಪಾಸಣೆಯಲ್ಲಿ ಅದು ಪಾಲುಗೊಳ್ಳುತ್ತದೆ. ಸ್ಟ್ರೆಪ್ಟೋಮೈಸಿನ್ ಅಲ್ಲಿಯೇ ಹೊಕ್ಕು ಓದನ್ನು ಕೆಡಿಸುತ್ತದೆ. 1969ರಲ್ಲಿ ಮಸಾಯಾಸು ನೊಮುರಾ ಅವರ ಬಳಗವು ರೈಬೋಸೋಮನ್ನು ಬಿಡಿಸಿ ಮತ್ತೆ ಜೋಡಿಸಿ, ಮದ್ದನ್ನು ಎದುರಿಸುವ ಶಕ್ತಿ ಈ ಪ್ರೋಟೀನಿನ ಮಾರ್ಪಾಡಿನಿಂದ ಬರುವುದೆಂದು ತೋರಿಸಿತು. 2000ದಲ್ಲಿ, ಚಿದಂಬರದಲ್ಲಿ ಜನಿಸಿದ ವೆಂಕಟರಾಮನ್ ರಾಮಕೃಷ್ಣನ್ನರ ಬಳಗವು ಮದ್ದು ಕುಳಿತ ತಾಣದ ಚಿತ್ರವನ್ನೇ ಲೋಕದ ಮುಂದಿಟ್ಟಿತು. ಕ್ಷಯಾಣುವಿನ ಎಸ್-12ರಲ್ಲಿ 124 ಅಮೈನೋ ಆಮ್ಲಗಳುಂಟು. 43ನೆಯ ಸ್ಥಾನದಲ್ಲಿ ಲೈಸೀನಿಗೆ ಬದಲಾಗಿ ಆರ್ಜಿನೀನು ಬಂದರೆ ಸಾಕು, ಮದ್ದು ನಾಟದು!

ಈ ಮಾರ್ಪಾಡನ್ನು ಮದ್ದು ಹುಟ್ಟಿಸುವುದಿಲ್ಲ. ಕೋಟ್ಯಂತರ ರೋಗಾಣುಗಳಲ್ಲಿ ಎಲ್ಲೋ ಒಂದರಲ್ಲಿ ಅದು ತಾನಾಗಿ ಒದಗುತ್ತದೆ. ಒಂದೇ ಮದ್ದನ್ನು ಕೊಟ್ಟರೆ ಉಳಿದವೆಲ್ಲ ಅಳಿದು, ಆ ಒಂದು ವಂಶ ಬೆಳೆಸುತ್ತದೆ. ಹಲವು ಮದ್ದುಗಳನ್ನು ಒಟ್ಟಿಗೆ, ತಿಂಗಳುಗಟ್ಟಲೆ ಕೊಡುವ ಪದ್ಧತಿ ಬಂದುದು ಈ ಕಾರಣದಿಂದ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಚಿಕಿತ್ಸೆಯನ್ನು ಹಳ್ಳಿಗಳಿಗೆ ಒಯ್ಯುವ ದಾರಿಯನ್ನು ರೂಪಿಸಿತು. ಸ್ಟ್ರೆಪ್ಟೋಮೈಸಿನ್ ಇಂದು ಹಿಂದೆ ಸರಿದಿದೆ. ಅದು ಕಲಿಸಿದ ಪಾಠ ಮಾತ್ರ ಈಗಿನ ಮದ್ದುಗಳಿಗೂ ಸಲ್ಲುತ್ತದೆ.

ಕೆಮ್ಮು ನಿಂತ ಮೇಲೂ ದಿನದ ಕೂಲಿಯನ್ನು ಬಿಟ್ಟು ಗುಳಿಗೆಗಾಗಿ ನಡೆಯುವುದು ಕಾಡಂಚಿನ ಬಡವನಿಗೆ ಸುಲಭವಲ್ಲ. ಅವನನ್ನು ದೂರಿ ಫಲವಿಲ್ಲ. ಗುಳಿಗೆಯು ಅವನ ಬಾಗಿಲಿಗೆ ಕೊನೆಯ ದಿನದವರೆಗೂ ತಲುಪಬೇಕು. ತಲುಪದಿದ್ದರೆ ಗೆಲ್ಲುವುದು ಆ ಒಂದು ರೋಗಾಣು.