ರೈಲುದಾರಿಯ ಕೆಲಸಗಾರರೂ ಹೊತ್ತಿನ ವ್ಯಾಜ್ಯವೂ

ಚಿತ್ರದುರ್ಗದ ಇತಿಹಾಸವೆಂದೊಡನೆ ಏಳುಸುತ್ತಿನ ಕೋಟೆಯೂ ಪಾಳೆಯಗಾರರ ಪರಾಕ್ರಮವೂ ವಾಚಕರ ಮನಸ್ಸಿಗೆ ಬರುವುದು ಸಹಜ. ಆದರೆ ಹಾರೆ ಗುದ್ದಲಿಗಳನ್ನು ಹಿಡಿದು ಉಗಿಬಂಡಿಯ ಹಾದಿಯನ್ನು ಕಾಯ್ದವರಿಗೂ ಒಂದು ಚರಿತ್ರೆಯುಂಟು. ಅದು ಬಹುಮಟ್ಟಿಗೆ ಹೊತ್ತಿನ ವ್ಯಾಜ್ಯದ ಚರಿತ್ರೆ.

ಬೆಂಗಳೂರು-ಹರಿಹರ ಮಾರ್ಗವು ೧೮೮೯ರ ವೇಳೆಗೆ ಸಂಚಾರಕ್ಕೆ ಒದಗಿತು. ಚಿಕ್ಕಜಾಜೂರಿನಿಂದ ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ಬರುವ ಸುಮಾರು ೨೧ ಮೈಲಿಗಳ ಕವಲುದಾರಿಯು ೧೯೨೧ರಲ್ಲಿ ತೆರೆಯಿತು. ಹೊಸದುರ್ಗದವರಿಗೆ ಊರಿನಿಂದ ದೂರವಿರುವ ಹೊಸದುರ್ಗ ರೋಡ್ ನಿಲ್ದಾಣವೇ ಗತಿಯಾಯಿತು; ಹಿರಿಯೂರಿಗಾದರೋ ಆ ಕಾಲದಲ್ಲಿ ಹಳಿಯೇ ಬರಲಿಲ್ಲ. ಹರಿಹರದ ಮಾರ್ಗವನ್ನು ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆ ಕಂಪನಿಯು ನಡೆಸುತ್ತಿದ್ದು, ೧೯೩೮ರಲ್ಲಿ ಅದು ಮೈಸೂರು ಸಂಸ್ಥಾನದ ಆಡಳಿತಕ್ಕೆ ಬಂದಿತು.

ಆ ಕಂಪನಿಯ ದೊಡ್ಡ ಕಾರ್ಖಾನೆಗಳು ಪೆರಂಬೂರು, ಹುಬ್ಬಳ್ಳಿಗಳಲ್ಲಿದ್ದವು. ಸಾವಿರಾರು ಜನರು ಒಂದೇ ಸೂರಿನಡಿಯಲ್ಲಿ ದುಡಿಯುವೆಡೆ ಸಂಘವು ಬೇಗ ಬೇರೂರುತ್ತದೆ. ೧೯೨೬ರ ಕಾರ್ಮಿಕ ಸಂಘಗಳ ಶಾಸನವು ಅಂತಹ ಕೂಟಗಳಿಗೆ ನೋಂದಣಿಯ ಹಕ್ಕನ್ನು ಕೊಟ್ಟಿತು. ಲೋಕವ್ಯಾಪಿಯಾದ ಆರ್ಥಿಕ ಮುಗ್ಗಟ್ಟಿನಲ್ಲಿ ಕಂಪನಿಯು ಆಳುಗಳನ್ನು ಕಡಿಮೆ ಮಾಡಹೊರಟಾಗ, ೧೯೩೨ರ ಅಕ್ಟೋಬರಿನಲ್ಲಿ ಮುಷ್ಕರವು ಹೂಡಲ್ಪಟ್ಟು ೧೯೩೩ರ ಜನವರಿಯವರೆಗೆ ನಡೆಯಿತು. ಕೂಲಿಯಿಲ್ಲದೆ ಎರಡು ತಿಂಗಳಿಗೂ ಮೀರಿ ಸಂಸಾರಗಳನ್ನು ಸಾಗಿಸುವುದು ಸಾಮಾನ್ಯವಾದ ತಪಸ್ಸಲ್ಲ.

ಕವಲುದಾರಿಗಳ ಸ್ಥಿತಿಯು ಬೇರೆ. ಇಲ್ಲಿ ಗ್ಯಾಂಗಿನವನೂ ಗೇಟು ಕಾಯುವವನೂ ಮೈಲಿಗಟ್ಟಲೆ ಅಂತರದಲ್ಲಿ ಒಬ್ಬೊಬ್ಬನಾಗಿ ದುಡಿಯುವವರು. ಬಂಡಿ ಬಾರದ ಹೊತ್ತಿನಲ್ಲಿ ಗೇಟಿನವನು ಸುಮ್ಮನೆ ಕುಳಿತಿರುವನೆಂಬುದು ನಿಜ; ಆದರೆ ಅವನು ನಿದ್ರಿಸಲಾರ, ಮನೆಗೂ ಹೋಗಲಾರ. ಹಾಗಾದರೆ ಕಾಯುವುದು ಕೆಲಸವೋ ವಿಶ್ರಾಂತಿಯೋ?

೧೯೩೦ರ ರೈಲ್ವೆ ತಿದ್ದುಪಡಿ ಶಾಸನವು ಇದಕ್ಕೆ ಒಂದು ಉತ್ತರ ಕೊಟ್ಟಿತು. ಎಡೆಬಿಡದ ಕೆಲಸಕ್ಕೆ ವಾರಕ್ಕೆ ೬೦ ಗಂಟೆ; ನಡುನಡುವೆ ಬಿಡುವುಳ್ಳ ಕೆಲಸಕ್ಕೆ ೮೪ ಗಂಟೆ, ಎಂದರೆ ದಿನವೂ ೧೨ ಗಂಟೆ. ಸಂಘಗಳು ಇದನ್ನು ಒಪ್ಪಲಿಲ್ಲ. ೧೯೪೬ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ರಾಜಾಧ್ಯಕ್ಷರು ಮರುವರ್ಷ ಇತ್ತ ತೀರ್ಪಿನಿಂದ ಆ ಮಿತಿಗಳು ಕ್ರಮವಾಗಿ ೫೪ಕ್ಕೂ ೭೫ಕ್ಕೂ ಇಳಿದವು. ಅತಿ ಶ್ರಮದ ಕೆಲಸಕ್ಕೆ ೪೫ ಗಂಟೆಗಳ ಹೊಸ ವರ್ಗವೂ ಏರ್ಪಟ್ಟಿತು. ೧೯೫೧ರಲ್ಲಿ ಮೈಸೂರು ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ಸೇರಿದ ಮೇಲೆ ದುರ್ಗದ ಕವಲುದಾರಿಯವರ ಅಳಲೂ ಅಖಿಲ ಭಾರತದ ಅಳಲಿನೊಡನೆ ಒಂದಾಯಿತು.

೧೯೭೪ರ ಮೇ ೮ರಂದು ಆರಂಭವಾದ ಮಹಾಮುಷ್ಕರದ ಬೇಡಿಕೆಗಳಲ್ಲಿಯೂ ಎಂಟು ಗಂಟೆಗಳ ದಿನವೊಂದು, ಬೋನಸು ಮತ್ತೊಂದು. ಅದರ ನಾಯಕರಾದ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಮುಷ್ಕರಕ್ಕೆ ಮುನ್ನವೇ ಬಂಧಿತರಾದರು. ಸಹಸ್ರಾರು ಮಂದಿ ಸೆರೆಮನೆ ಸೇರಿದರು. ಅನೇಕರು ಉದ್ಯೋಗವನ್ನೂ ಕಳೆದುಕೊಂಡರು. ಇಪ್ಪತ್ತು ದಿನಗಳಲ್ಲಿ ಮುಷ್ಕರವು ಬರಿಗೈಯಲ್ಲಿ ಮುಗಿಯಿತು. ಆದರೂ ೧೯೭೯ರಲ್ಲಿ ಬೋನಸು ದೊರೆಯಿತು. ಬಿತ್ತಿದವರೊಬ್ಬರು, ಬೆಳೆದುಂಡವರೊಬ್ಬರು.

ಕೋಟೆಯನ್ನು ಕಾಯ್ದವರ ಕೀರ್ತಿಯನ್ನು ಕಲ್ಲುಗಳು ಹೇಳುತ್ತವೆ. ರಾತ್ರಿಯೆಲ್ಲ ಕಂದೀಲು ಹಿಡಿದು ಹಳಿಯನ್ನು ಕಾಯ್ದವನ ಎಚ್ಚರಕ್ಕೆ ಶಾಸನಕಲ್ಲಿಲ್ಲ. ಆ ಎಚ್ಚರವೂ ದುಡಿಮೆಯೆಂದು ಲೆಕ್ಕಕ್ಕೆ ಹಿಡಿಸುವುದಕ್ಕಾಗಿಯೇ ಸಂಘಗಳು ಇಷ್ಟು ಕಾಲ ಹೋರಾಡಬೇಕಾಯಿತು.