ರೈಲು ಬಂದರೂ ಲಾರಿ ಬಿಡದ ಮೀನು

ಹುಣಸೂರು, ಪಿರಿಯಾಪಟ್ಟಣಗಳಿಗೆ ಬರುವ ಬಂಗುಡೆ, ಬೂತಾಯಿ ಘಟ್ಟ ಹತ್ತುವುದು ಲಾರಿಯಲ್ಲಿ. ಈ ಎರಡೂ ಪಟ್ಟಣಗಳಿಗೆ ರೈಲಿಲ್ಲ. ಹಾಗಾಗಿ ಅದು ಸಹಜವೇ. ಆದರೆ ಕಡಲ ತಡಿಯಲ್ಲೇ ಹಳಿ ಹಾದುಹೋಗಿರುವ ಉಡುಪಿ, ಕಾರವಾರದ ಕಡೆಯ ಮೀನೂ ಹೆಚ್ಚಾಗಿ ಲಾರಿಯನ್ನೇ ನಂಬಿದೆ. ಏಕೆ?

ಮೀನುಗಾರರಿಗಾಗಿ ಜನರ ಹಣದಲ್ಲಿ ರೈಲು ತರುವ ಯೋಚನೆ ಹೊಸದಲ್ಲ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಬಡತನವನ್ನು ವಿಚಾರಿಸಿದ ನೇಪಿಯರ್ ಆಯೋಗ, ಅಲ್ಲಿನ ಮೀನು ಪೇಟೆ ಮುಟ್ಟಲು ರೈಲು ಬೇಕೆಂದು 1884ರಲ್ಲೇ ಹೇಳಿತ್ತು. ಮ್ಯಾಲೇಗ್ ಎಂಬ ಕುಗ್ರಾಮಕ್ಕೆ ಹಳಿ ಹಾಕಲು ಹೊರಟ ಖಾಸಗಿ ಕಂಪನಿಗೆ ಲಾಭದ ಭರವಸೆ ಇರಲಿಲ್ಲ. ಆಗ ಸರ್ಕಾರ 2,60,000 ಪೌಂಡ್ ಬಂಡವಾಳಕ್ಕೆ ಶೇ 3ರ ಆದಾಯದ ಖಾತರಿ ನೀಡಿತು; ಬಂದರು ಕಟ್ಟೆಗೆಂದು 30,000 ಪೌಂಡ್ ಬೇರೆ ಕೊಟ್ಟಿತು. ಕಂಪನಿಗೆ ಜನರ ದುಡ್ಡೇಕೆ ಎಂಬ ತಕರಾರು ಪಾರ್ಲಿಮೆಂಟಿನಲ್ಲಿ ಎದ್ದರೂ 1901ರಲ್ಲಿ ರೈಲು ಓಡಿತು. ಹಳಿ, ಕಟ್ಟೆ ಎರಡೂ ಒಟ್ಟಿಗೆ ಬಂದುದರಿಂದ ಮ್ಯಾಲೇಗ್ ಹೆರಿಂಗ್ ಮೀನಿನ ದೊಡ್ಡ ಬಂದರಾಗಿ ಬೆಳೆಯಿತು.

ನಮ್ಮಲ್ಲಿ ಮಂಗಳೂರಿಗೆ ದಕ್ಷಿಣದಿಂದ ರೈಲು ಬಂದದ್ದು 1907ರಲ್ಲಿ. ಅದರ ಉತ್ತರದ ಕರಾವಳಿ ಮಾತ್ರ ಇನ್ನೂ ತೊಂಬತ್ತು ವರ್ಷ ಕಾಯಬೇಕಾಯಿತು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಅಂದಿನ ಒಪ್ಪಂದದಂತೆ ಷೇರು ಬಂಡವಾಳದಲ್ಲಿ ಕೇಂದ್ರದ ಪಾಲು ಶೇ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣದ ಬಹುಭಾಗ ಸಾಲಪತ್ರಗಳಿಂದ ಬಂತು. ಸುಮಾರು 740 ಕಿಲೋಮೀಟರ್ ಉದ್ದದ ಇಡೀ ಮಾರ್ಗ 1998ರ ಜನವರಿ 26ರಂದು ಸಂಚಾರಕ್ಕೆ ತೆರೆಯಿತು.

ಇದು ಮೀನಿಗಾಗಿ ಹಾಕಿದ ಹಳಿಯಲ್ಲ. ಮುಂಬೈ–ಮಂಗಳೂರನ್ನು ಜೋಡಿಸುವ ಹಳಿ. ಮಲ್ಪೆ ಬಂದರಿನ ಮೀನು ಇಂದ್ರಾಳಿಯಲ್ಲಿರುವ ಉಡುಪಿ ನಿಲ್ದಾಣ ಸೇರಬೇಕಾದರೆ ಊರು ದಾಟಬೇಕು. ಅಷ್ಟು ದೂರಕ್ಕೂ ಲಾರಿಯೇ ಬೇಕು. ಅಲ್ಲಿ ಇಳಿಸಿ ರೈಲಿಗೆ ಹಾಕಬೇಕು, ತಲುಪಿದ ಊರಿನಲ್ಲಿ ಮತ್ತೆ ಇಳಿಸಿ ಇನ್ನೊಂದು ಲಾರಿಗೆ ಏರಿಸಬೇಕು. ಅಷ್ಟರಲ್ಲಿ ಐಸು ಕರಗುತ್ತದೆ. ರೈಲಿಗೂ ಮೀನೆಂದರೆ ಅಷ್ಟಕ್ಕಷ್ಟೆ: ಸೋರುವ ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಲಾರಿಗಾದರೋ ವೇಳಾಪಟ್ಟಿಯ ಹಂಗಿಲ್ಲ. ದಕ್ಕೆಯಲ್ಲಿ ಹರಾಜು ಮುಗಿದೊಡನೆ ಹೊರಟು ನೇರ ಮಾರುಕಟ್ಟೆಯಲ್ಲೇ ನಿಲ್ಲುತ್ತದೆ. ಸರಕು ತುಂಬಿದ ಲಾರಿಯನ್ನೇ ರೈಲಿನ ಮೇಲೆ ಸಾಗಿಸುವ 'ರೋ-ರೋ' ಸೇವೆಯನ್ನು ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿದ್ದರ ಹಿಂದೆಯೂ ಇದೇ ಲೆಕ್ಕಾಚಾರವಿದೆ. ಮ್ಯಾಲೇಗಿನಲ್ಲೂ ಕಾಲಕ್ರಮದಲ್ಲಿ ಮೀನು ರಸ್ತೆಗೇ ಇಳಿಯಿತು.

ಹುಣಸೂರು ಮಾರ್ಗವಾಗಿ ಕುಶಾಲನಗರಕ್ಕೆ ರೈಲು ಬೇಕೆಂಬ ಕೂಗು ಹಳೆಯದು. ಹಳಿಗೆ ಯಾರು ಹಣ ಕೊಡುತ್ತಾರೆ ಎಂಬುದು ಮೊದಲ ಪ್ರಶ್ನೆ, ನಿಜ. ಆದರೆ ಆ ಹಣದಲ್ಲಿ ಸರಕಿನ ಕಟ್ಟೆ, ಶೈತ್ಯಾಗಾರ, ಸಂತೆಗೆ ಹತ್ತಿರದ ನಿಲ್ದಾಣ ಸೇರಿವೆಯೇ ಎಂಬುದನ್ನೂ ಕೇಳಬೇಕು. ಇಲ್ಲವಾದರೆ ರೈಲು ಊರಿಗೆ ಬರುತ್ತದೆ, ಊರಿನ ಸರಕು ಮಾತ್ರ ಲಾರಿಯಲ್ಲೇ ಹೋಗುತ್ತದೆ.